1 ನ್ಯಾನೋಮೀಟರ್ ಕೋಬಾಲ್ಟ್ ಕಲಿಸಿದ್ದು

ನಾನು ಮಾಡಿದ ಮೊದಲ ಒಳ್ಳೆಯ ಸ್ಯಾಂಪಲ್‌ನಲ್ಲಿ ಕೋಬಾಲ್ಟ್ ದಪ್ಪ 1 ನ್ಯಾನೋಮೀಟರ್‌ಗಿಂತ ಸ್ವಲ್ಪ ಕಡಿಮೆ ಇತ್ತು. ಒಂದರ ಮೇಲೊಂದು ಕೂತ ನಾಲ್ಕೈದು ಪರಮಾಣು ಸಾಲು, ಅಷ್ಟೇ. ಕೆಳಗೆ ಪ್ಲಾಟಿನಂ, ಮೇಲೂ ಪ್ಲಾಟಿನಂ. ಅದರ ಮೇಲೆ ಲೇಸರ್ ಬೆಳಕು ಬಿಟ್ಟು, ಕಾಂತಕ್ಷೇತ್ರವನ್ನು ಮೇಲಕ್ಕೂ ಕೆಳಕ್ಕೂ ಬದಲಿಸುತ್ತಾ ಹೋದೆ. ಪ್ರತಿಫಲಿಸಿ ಬಂದ ಬೆಳಕಿನ ಧ್ರುವೀಕರಣ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕು, ಒಂದು ಡಿಗ್ರಿಯ ತೀರಾ ಸಣ್ಣ ಪಾಲಿನಷ್ಟು ತಿರುಗಿತು. ಕೆರ್ ಪರಿಣಾಮ ಅನ್ನುವುದು ಇದನ್ನೇ. ಪರದೆಯ ಮೇಲೆ ಹಿಸ್ಟರಿಸಿಸ್ ಲೂಪ್, ಅಂದರೆ ಕಾಂತಕ್ಷೇತ್ರ ಬದಲಾದಂತೆ ಕಾಂತತ್ವ ಹೇಗೆ ಬದಲಾಗುತ್ತದೆ ಅನ್ನುವ ಗೆರೆ, ನೆಟ್ಟಗೆ ಚೌಕವಾಗಿ ಮೂಡಿತು.

ಚೌಕ ಅಂದರೆ ಯಾಕೆ ಅಷ್ಟು ಖುಷಿ? ಸಾಮಾನ್ಯವಾಗಿ ತೆಳುಪದರದ ಕಾಂತತ್ವ ಪದರದ ಉದ್ದಕ್ಕೆ ಮಲಗಿರುತ್ತದೆ. ಕೋಬಾಲ್ಟ್ ಇಷ್ಟು ತೆಳ್ಳಗಾದಾಗ ಪ್ಲಾಟಿನಂ ಜೊತೆಗಿನ ಅಂಚಿನ (ಎರಡೂ ಲೋಹ ಒಂದಕ್ಕೊಂದು ತಾಗುವ ಜಾಗದ) ಕೈ ಮೇಲಾಗಿ, ಕಾಂತತ್ವ ಎದ್ದು ಲಂಬವಾಗಿ ನಿಲ್ಲುತ್ತದೆ. ಆ ಅಂಚು ಚೆನ್ನಾಗಿಲ್ಲದಿದ್ದರೆ ಚೌಕವೂ ಇಲ್ಲ. ನನ್ನ ಇಷ್ಟೂ ವರ್ಷದ ಕೆಲಸ ಆ ಅಂಚಿನ ಸುತ್ತಲೇ ನಡೆದಿದೆ.

ಈ ಕ್ಷೇತ್ರಕ್ಕೆ ನನ್ನನ್ನು ಎಳೆದದ್ದು 1988ರ ಕೆಲಸ. ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರೂನ್‌ಬರ್ಗ್ ಅವರ ತಂಡಗಳು ಬೇರೆ ಬೇರೆಯಾಗಿ ಕಬ್ಬಿಣ ಮತ್ತು ಕ್ರೋಮಿಯಂ ಪದರಗಳನ್ನು ಜೋಡಿಸಿ, ಕಾಂತಕ್ಷೇತ್ರ ಕೊಟ್ಟಾಗ ವಿದ್ಯುತ್ ರೋಧ ತುಂಬಾ ಇಳಿಯುವುದನ್ನು ಕಂಡವು. ಫೆರ್ ತಂಡದ ಒಂದು ಸ್ಯಾಂಪಲ್‌ನಲ್ಲಿ ಕ್ರೋಮಿಯಂ ದಪ್ಪ ಬರೀ 0.9 ನ್ಯಾನೋಮೀಟರ್. ತೀವ್ರ ಚಳಿಯಲ್ಲಿ ಅದರ ರೋಧ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. 2007ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಒಂದೆರಡು ಪರಮಾಣು ಸಾಲು ಆಚೀಚೆ ಆದರೆ ಲೋಹದ ಗುಣವೇ ಬದಲಾಗುತ್ತದೆ ಅನ್ನುವುದು ನನ್ನನ್ನು ಬಿಡಲೇ ಇಲ್ಲ.

ಪದರ ಹಾಕುವುದು ಸ್ಪಟರಿಂಗ್‌ನಲ್ಲಿ. ಗಾಳಿ ಹೊರತೆಗೆದ ಚೇಂಬರಿನಲ್ಲಿ ಆರ್ಗಾನ್ ಅಯಾನುಗಳು ಟಾರ್ಗೆಟ್‌ಗೆ, ಅಂದರೆ ಪದರವಾಗಬೇಕಾದ ಲೋಹದ ಬಿಲ್ಲೆಗೆ, ಬಡಿದು ಪರಮಾಣುಗಳನ್ನು ಎಬ್ಬಿಸುತ್ತವೆ, ಅವು ಹೋಗಿ ಎದುರಿನ ಸಿಲಿಕಾನ್ ಮೇಲೆ ಕೂರುತ್ತವೆ. ಕೋಬಾಲ್ಟ್‌ಗೆ ಇಲ್ಲೊಂದು ತಕರಾರಿದೆ. ಆ ಅಯಾನುಗಳಿರುವ ಪ್ಲಾಸ್ಮಾ ಹಿಡಿದಿಡಲು ಟಾರ್ಗೆಟ್ ಹಿಂದೆ ಅಯಸ್ಕಾಂತ ಇರುತ್ತದೆ. ಟಾರ್ಗೆಟ್ ತಾನೇ ಕಾಂತೀಯವಾದರೆ ಆ ಕ್ಷೇತ್ರವನ್ನೆಲ್ಲ ನುಂಗಿಬಿಡುತ್ತದೆ. ಅದಕ್ಕೇ ತೆಳ್ಳನೆಯ ಟಾರ್ಗೆಟ್ ಬಳಸಬೇಕು. ಉಳಿದದ್ದು ತಾಳ್ಮೆ. 10ರ ಘಾತ ಮೈನಸ್ 6 ಟಾರ್ (ಒತ್ತಡದ ಒಂದು ಮಾನ) ಒತ್ತಡದಲ್ಲೂ, ಚೇಂಬರಿನಲ್ಲಿ ಉಳಿದ ಅನಿಲವೆಲ್ಲ ಅಂಟಿಕೊಂಡರೆ, ಕೆಲವೇ ಸೆಕೆಂಡಿನಲ್ಲಿ ಮೇಲ್ಮೈ ತುಂಬಾ ಒಂದು ಸಾಲು ಕೊಳೆ ಕೂರುತ್ತದೆ. ಮೈನಸ್ 8 ಮುಟ್ಟುವವರೆಗೆ ನಾನು ಶಟರ್ ತೆಗೆಯುವುದಿಲ್ಲ. ರಾತ್ರಿಯಿಡೀ ಕಾಯಬೇಕಾದರೂ ಸರಿ.

ಮಾಡುವುದಕ್ಕಿಂತ ಇಡೀ ಸ್ಯಾಂಪಲ್‌ನ ಕಾಂತತ್ವ ಅಳೆಯುವುದು ಜಾಸ್ತಿ ಕಷ್ಟ. ಅರ್ಧ ಮಿಲಿಮೀಟರ್ ಸಿಲಿಕಾನ್ ಮೇಲೆ 1 ನ್ಯಾನೋಮೀಟರ್ ಕೋಬಾಲ್ಟ್ ಅಂದರೆ, ಕೆಳಗಿನದು ಮೇಲಿನದಕ್ಕಿಂತ 5 ಲಕ್ಷ ಪಟ್ಟು ದಪ್ಪ. ಸಿಲಿಕಾನ್ ಕಾಂತಕ್ಷೇತ್ರವನ್ನು ತೀರಾ ಸ್ವಲ್ಪವೇ ವಿರೋಧಿಸುತ್ತದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ, 1 ಟೆಸ್ಲಾ ಕ್ಷೇತ್ರದಲ್ಲಿ ಆ ವಿರೋಧ ಕೋಬಾಲ್ಟ್‌ನ ಇಡೀ ಸಂಕೇತಕ್ಕೆ ಹೆಚ್ಚುಕಡಿಮೆ ಸಮ! ಅದನ್ನು ಕಳೆದ ಮೇಲೆ ಉಳಿಯುವುದೇ ನಮ್ಮ ಉತ್ತರ.

ಇಲ್ಲೇ ನಾನು ಎಡವಿದ್ದು. ಕಾಂತೀಯವೇ ಅಲ್ಲದ ಒಂದು ಪದರದಲ್ಲಿ ನನಗೆ ಪುಟ್ಟ ಲೂಪ್ ಕಂಡಿತು. ಹೊಸದೇನೋ ಸಿಕ್ಕಿತು ಅಂದುಕೊಂಡು ಒಂದು ತಿಂಗಳು ಅದರ ಹಿಂದೆ ಬಿದ್ದೆ. ಕೊನೆಗೆ ಏನೂ ಹಾಕದ ಬರೀ ಸಿಲಿಕಾನ್ ಅಳೆದರೆ, ಅಲ್ಲೂ ಅದೇ ಲೂಪ್. ಸ್ಟೀಲ್ ಚಿಮುಟದಿಂದ ಹಿಡಿದಿದ್ದ ಅಂಚನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಕೂದಲಿಗಿಂತ ಸಣ್ಣ ಗೀರು, ಅದರಲ್ಲಿ ಹೊಳೆಯುವ ಲೋಹದ ಚೂರು. ಅವತ್ತೇ ಪ್ಲಾಸ್ಟಿಕ್ ಚಿಮುಟಕ್ಕೆ ಬದಲಾದೆ. ಈಗ ನನ್ನ ಜೊತೆ ಸೇರುವ ವಿದ್ಯಾರ್ಥಿಗಳು ಮೊದಲ ವಾರ ಬರೀ ಸಿಲಿಕಾನ್ ಅಳೆಯುತ್ತಾರೆ.

ಇನ್ನೊಂದು ಸಲ ತಪ್ಪೇ ದಾರಿ ತೋರಿಸಿತು. ಕೋಬಾಲ್ಟ್ ಮೇಲಿನ ರಕ್ಷಣೆಯ ಪದರವನ್ನು ತೀರಾ ತೆಳ್ಳಗೆ ಹಾಕಿದ್ದೆ. ಕೋಣೆಯ ಉಷ್ಣತೆಯಲ್ಲಿ ಎಲ್ಲ ಸರಿಯಾಗೇ ಇತ್ತು. ಕಾಂತಕ್ಷೇತ್ರದಲ್ಲಿಟ್ಟು ತಣ್ಣಗೆ ಮಾಡಿದಾಗ ಮಾತ್ರ ಇಡೀ ಲೂಪ್ ಒಂದು ಪಕ್ಕಕ್ಕೆ ಸರಿದು ಕೂತಿತು. ಉಪಕರಣ ಕೆಟ್ಟಿದೆ ಅಂತ ಎರಡು ಸಲ ಪರೀಕ್ಷಿಸಿದೆ. ಅದು ಸರಿಯಾಗೇ ಇತ್ತು. ಗಾಳಿ ಒಳಗೆ ಸೇರಿ ಕೋಬಾಲ್ಟ್‌ನ ಮೇಲ್ಭಾಗ ಆಕ್ಸೈಡ್ ಆಗಿತ್ತು. ಆ ಆಕ್ಸೈಡ್‌ನಲ್ಲಿ ಅಕ್ಕಪಕ್ಕದ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಅಯಸ್ಕಾಂತಗಳು) ಒಂದಕ್ಕೊಂದು ವಿರುದ್ಧ ದಿಕ್ಕಿಗೆ ನಿಲ್ಲುತ್ತವೆ. ತಣ್ಣಗಾದಾಗ ಅವು ಗಟ್ಟಿಯಾಗಿ ನಿಂತು, ತಾಗಿಕೊಂಡ ಲೋಹವನ್ನು ಒಂದೇ ದಿಕ್ಕಿಗೆ ಹಿಡಿದುಕೊಳ್ಳುತ್ತವೆ. ಮೈಕಲ್‌ಜಾನ್ ಮತ್ತು ಬೀನ್ 1956ರಲ್ಲಿ ಕೋಬಾಲ್ಟ್ ಕಣಗಳಲ್ಲಿ ಕಂಡಿದ್ದೂ ಇದನ್ನೇ. ಎಕ್ಸ್‌ಚೇಂಜ್ ಬಯಾಸ್ ಅನ್ನುತ್ತಾರೆ. ಹಾರ್ಡ್ ಡಿಸ್ಕ್‌ನಿಂದ ಮಾಹಿತಿ ಓದುವ ರೀಡ್ ಹೆಡ್‌ನಲ್ಲಿ ಒಂದು ಪದರ ಅಲುಗಾಡದೆ ನಿಲ್ಲುವುದು ಇದರಿಂದಲೇ.

ಆಮೇಲೆ ಬೇಕು ಅಂತಲೇ ಆಕ್ಸಿಜನ್ ಬಿಡುವುದನ್ನು ಕಲಿತೆ. ಚೇಂಬರಿಗೆ ಎಷ್ಟು, ಎಷ್ಟು ಹೊತ್ತು ಅಂತ ಅಳೆದು. ಲೂಪ್ ಎಷ್ಟು ಸರಿಯಬೇಕು ಅನ್ನುವುದನ್ನು ಈಗ ಪದರ ಹಾಕುವ ಮೊದಲೇ ಪುಸ್ತಕದಲ್ಲಿ ಬರೆದಿಡುತ್ತೇನೆ. ಅಳೆದ ಮೇಲೆ ಪಕ್ಕದಲ್ಲೇ ಬಂದದ್ದನ್ನೂ ಬರೆಯುತ್ತೇನೆ. ಎರಡೂ ಕೂಡಿಬರದ ಪುಟಗಳನ್ನೇ ನಾನು ಮತ್ತೆ ಮತ್ತೆ ತೆರೆದು ನೋಡುವುದು.