ಬಾಲ್ ಬ್ಯಾಡ್ಮಿಂಟನ್ ಕ್ಲಬ್ ಸೇರುವ ಮುಂಚೆ

ಹೊಸ ಬಡಾವಣೆಗೆ ಬಂದು ಯಾರ ಪರಿಚಯವೂ ಇಲ್ಲ ಅನ್ನುವವರು, ಜಿಮ್‌ಗೆ ದುಡ್ಡು ಕಟ್ಟುವ ಮುಂಚೆ ಹತ್ತಿರದಲ್ಲಿ ಬಾಲ್ ಬ್ಯಾಡ್ಮಿಂಟನ್ (ಶಟಲ್ ಬದಲು ಉಣ್ಣೆ ಚೆಂಡಿನಲ್ಲಿ ಆಡುವ ಆಟ) ಕ್ಲಬ್ ಇದೆಯಾ ಅಂತ ವಿಚಾರಿಸಿ. ತಂಡಕ್ಕೆ ಐದು ಜನ ಬೇಕು. ಒಬ್ಬರು ಕಡಿಮೆಯಾದರೂ ಆಟ ಕೆಡುತ್ತದೆ, ಹಾಗಾಗಿ ಫೋನ್ ಬಂದೇ ಬರುತ್ತದೆ: "ಏನ್ ಸಾರ್, ಇನ್ನೂ ಎದ್ದಿಲ್ವಾ?" ಜಿಮ್‌ನಲ್ಲಿ ಯಾರು ಹೀಗೆ ಕೇಳ್ತಾರೆ?

ಮೊದಲ ದಿನವೇ ಸದಸ್ಯತ್ವ ಬೇಡ. ಬೆಳಿಗ್ಗೆ ಕೋರ್ಟ್ ಪಕ್ಕ ನಿಂತು ನೋಡಿ, ಸ್ಕೋರ್ ನಾನು ಹೇಳ್ತೀನಿ ಅನ್ನಿ. ಈಗ ಒಂದು ಗೇಮ್ ಅಂದರೆ 35 ಪಾಯಿಂಟ್. ಅಷ್ಟು ಎಣಿಸುವಷ್ಟರಲ್ಲಿ ಎಲ್ಲರ ಹೆಸರೂ ಬಾಯಿಗೆ ಬಂದಿರುತ್ತದೆ. ಹೊಸಬರಿಗೆ ಚಾನ್ಸ್ ಕೊಡ್ತಾರಾ, ಹೆಂಗಸರೂ ಆಡ್ತಾರಾ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಚೆಂಡು ಬಿಟ್ಟವರನ್ನು ಬೈಯುವ ಗುಂಪಾದರೆ ಸುಮ್ನೆ ಬೇರೆ ಮೈದಾನ ಹುಡುಕಿ.

ಶಟಲ್ ಬ್ಯಾಟ್ ತಗೊಂಡು ಹೋಗಬೇಡಿ. ಇದು ಉಣ್ಣೆಯ ಹಳದಿ ಚೆಂಡು, ಶಟಲ್‌ಗಿಂತ ಜಾಸ್ತಿ ಭಾರ, ಬ್ಯಾಟಿನ ಗಟ್ (ದಾರದ ಬಲೆ) ಕಿತ್ತುಹೋಗುತ್ತದೆ. ಹಳೇ ಆಟಗಾರರ ಹತ್ತಿರ ಒಂದಾದರೂ ಹೆಚ್ಚಿನ ಬ್ಯಾಟ್ ಇರುತ್ತದೆ, ಕೇಳಿ. ಅರವತ್ತು ದಾಟಿದವರು ನಿಂತಲ್ಲೇ ಚೆಂಡು ತಿರುಗುವಂತೆ ಕಟ್ ಹೊಡೆಯೋದನ್ನು ನೋಡಿದರೆ ನಮಗೂ ಹುರುಪು ಬರುತ್ತದೆ.

ಆಟ ಮುಗಿದ ಕೂಡಲೇ ಓಡಬೇಡಿ. ಪರಿಚಯ ಗಟ್ಟಿಯಾಗೋದು ಟೀ ಅಂಗಡಿ ಮುಂದೆ. ಮಳೆಗಾಲಕ್ಕೆ ಏನು ಏರ್ಪಾಡು ಅಂತಲೂ ಕೇಳಿಟ್ಟುಕೊಳ್ಳಿ, ಒದ್ದೆ ಚೆಂಡಿನಲ್ಲಿ ಆಟ ನಡೆಯೋಲ್ಲ.