ಡಬ್ಬಿಯೊಳಗಿನ ಶ್ವಾಸಕೋಶ ಕೊನೆಗೂ ಉಸಿರಾಡಿತು

ಕ್ಲಾಸಿಗೆಂದು ಉಸಿರಾಟದ ಮಾದರಿಯೊಂದನ್ನು ಮಾಡಹೊರಟೆ. ಡಬ್ಬಿಯೇ ಎದೆಗೂಡು, ಒಳಗೆ ಕವಲು ಕೊಳವೆಗೆ ಕಟ್ಟಿದ ಬಲೂನುಗಳೇ ಶ್ವಾಸಕೋಶ, ತಳಕ್ಕೆ ಬಿಗಿದ ರಬ್ಬರ್ ಹಾಳೆಯೇ ವಪೆ, ಅಂದರೆ ಎದೆಯ ಕೆಳಗಿನ ಸ್ನಾಯುಪದರ. ಹಾಳೆ ಕೆಳಗೆ ಎಳೆದರೆ ಬಲೂನುಗಳು ಉಬ್ಬಬೇಕು. ಪಾಠದಲ್ಲಿ ಇದು ಒಂದು ಚಿತ್ರ, ಅಷ್ಟೇ. ನನಗೆ ಸುಮಾರು ಎಂಟು ತಿಂಗಳು ಹಿಡಿಯಿತು. ಜೊತೆಯ ಮೇಷ್ಟ್ರುಗಳು "ಸುಮ್ನೆ ವಿಡಿಯೋ ತೋರಿಸಿಬಿಡಿ" ಎಂದು ನಗುತ್ತಿದ್ದರು.

ಮೊದಲು ತೆಳು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡೆ. ಹಾಳೆ ಎಳೆದಾಗ ಬಲೂನು ಅಲ್ಲಾಡಲಿಲ್ಲ, ಬಾಟಲಿಯ ಪಕ್ಕಗಳೇ ಒಳಗೆ ಕುಸಿದವು. ಪಕ್ಕೆಲುಬು ಯಾಕೆ ಬೇಕು ಅಂತ ಅವತ್ತು ಗೊತ್ತಾಯಿತು.

ಆಮೇಲೆ ಹುಮ್ಮಸ್ಸಿನಲ್ಲಿ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿದೆ. ಆ ದುಡ್ಡಿನಲ್ಲಿ ಈಗಿನಂಥ ಹತ್ತು ಡಬ್ಬಿ ಆಗುತ್ತಿತ್ತು. ಅದರಲ್ಲೂ ಬಲೂನು ಉಬ್ಬಲಿಲ್ಲ. ಬಲೂನು ತೂತಾಗಿದೆ ಎಂದುಕೊಂಡು ಐದಾರು ಬದಲಾಯಿಸಿದೆ. ಒಂದು ರಾತ್ರಿ ಸದ್ದಿಲ್ಲದಾಗ ಸಣ್ಣಗೆ 'ಸುಯ್' ಎಂದಿತು. ಬಿರುಕು ಪೆಟ್ಟಿಗೆಯ ಮೂಲೆಯಲ್ಲಿತ್ತು! ಎದೆಗೆ ಏನಾದರೂ ಚುಚ್ಚಿ ಹೊರಗಿನ ಗಾಳಿ ಒಳಗೆ ನುಗ್ಗಿದರೆ, ಶ್ವಾಸಕೋಶಕ್ಕೆ ಗಾಯವಾಗದಿದ್ದರೂ ಅದು ಕುಗ್ಗಿಬಿಡುವುದು ಹೀಗೇ.

ಬಿರುಕು ಮುಚ್ಚಿದ ಮೇಲೂ ಉಬ್ಬಿದ್ದು ಅಷ್ಟಕ್ಕಷ್ಟೆ. ಒಳಗಿನ ಒತ್ತಡ ಎಷ್ಟು ಇಳಿಯುತ್ತದೆ ಎಂದು ಅಳೆಯಲು, ಬಣ್ಣದ ನೀರು ತುಂಬಿದ 'U' ಆಕಾರದ ಕೊಳವೆಯನ್ನು ಪೆಟ್ಟಿಗೆಗೆ ಜೋಡಿಸಿ ನೋಡಿದೆ. ಹೊಸ ಬಲೂನು ಉಬ್ಬತೊಡಗಬೇಕಾದರೆ ಕೊಳವೆಯ ಎರಡು ಕಡೆಯ ನೀರಿನ ಮಟ್ಟದಲ್ಲಿ 25 ಸೆಂ.ಮೀ. ಹತ್ತಿರ ವ್ಯತ್ಯಾಸ ಬರಬೇಕಿತ್ತು. ನಾವು ಸುಮ್ಮನೆ ಕೂತು ಉಸಿರಾಡುವಾಗ ಶ್ವಾಸಕೋಶದ ಸುತ್ತ ಒತ್ತಡ ಇಳಿಯುವುದು ಬರೀ 2–3 ಸೆಂ.ಮೀ. ನೀರಿನಷ್ಟು. ಅಷ್ಟಕ್ಕೇ ಅರ್ಧ ಲೀಟರ್ ಗಾಳಿ ಒಳಗೆ ಬರುತ್ತದೆ. ನನ್ನ ಬಲೂನು ಅಷ್ಟು ಗಟ್ಟಿ!

ಹಾಗಾದರೆ ತೆಳು ಪ್ಲಾಸ್ಟಿಕ್ ಚೀಲ ಹಾಕಿದರೆ? ಗಾಳಿ ಸಲೀಸಾಗಿ ಬಂತು. ಆದರೆ ಹಾಳೆ ಬಿಟ್ಟಾಗ ಚೀಲ ಸೋಮಾರಿಯ ಹಾಗೆ ಅಲ್ಲೇ ಜೋತುಬಿತ್ತು. ನಿಜವಾದ ಶ್ವಾಸಕೋಶ ತಾನಾಗಿ ಕುಗ್ಗುತ್ತದೆ, ಆರಾಮಾಗಿ ಉಸಿರು ಬಿಡುವುದಕ್ಕೆ ಸ್ನಾಯುಗಳು ದುಡಿಯಬೇಕಿಲ್ಲ. ಹಿಗ್ಗುವುದಕ್ಕೆ ಮೆತ್ತಗಿರಬೇಕು, ಕುಗ್ಗುವುದಕ್ಕೆ ಬಿಗಿಯೂ ಇರಬೇಕು.

ಕೊನೆಗೆ ಕೈ ಹಿಡಿದದ್ದು ಹಳೇ ಬಲೂನು. ಹತ್ತಾರು ಸಲ ಊದಿ, ಒಂದೆರಡು ದಿನ ಉಬ್ಬಿಸಿಯೇ ಬಿಟ್ಟು ಸಡಿಲ ಮಾಡಿದೆ. ಪೆಟ್ಟಿಗೆ ಬಿಟ್ಟು ದಪ್ಪ ಗೋಡೆಯ ಚಿಕ್ಕ ಡಬ್ಬಿ ಹಿಡಿದೆ. ಬಲೂನಿನ ಸುತ್ತ ಖಾಲಿ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮ ಎದೆಯಲ್ಲಂತೂ ಆ ಜಾಗದಲ್ಲಿ ಗಾಳಿಯೇ ಇಲ್ಲ, ತೆಳುವಾದ ದ್ರವದ ಪದರ ಮಾತ್ರ. ಕವಲು ಕೊಳವೆಯ ಬುಡ ಸೋರದಂತೆ ಏನು ಹಚ್ಚಿದೆ ಎಂಬುದನ್ನು ಮಾತ್ರ ಹೇಳಲ್ಲ, ಅದಕ್ಕೇ ಎರಡು ತಿಂಗಳು ಹೋಗಿದೆ!

ನಡುವೆ ಇನ್ನೊಂದು ಹುಚ್ಚು. ನೀರಿನಲ್ಲಿ ಬೋರಲು ಹಾಕಿದ ಕ್ಯಾನಿಗೆ ಊದಿ ನನ್ನ ಉಸಿರನ್ನೇ ಅಳೆದೆ. ಒಂದು ಸಲಕ್ಕೆ 450–500 ಮಿ.ಲೀ. ಬಂತು. ಅದರಲ್ಲಿ 150ರಷ್ಟು ಮೂಗು, ಶ್ವಾಸನಾಳಗಳಲ್ಲೇ ಉಳಿದು ವಾಪಸ್ಸಾಗುತ್ತದೆ, ಶ್ವಾಸಕೋಶದೊಳಗಿನ ಪುಟ್ಟ ಗಾಳಿಚೀಲಗಳನ್ನು ಮುಟ್ಟುವುದೇ ಇಲ್ಲ.

ಡಬ್ಬಿ ಮೊದಲ ಸಲ ಸರಿಯಾಗಿ ಉಸಿರಾಡಿದ ದಿನ, ಎಲ್ಲರಿಗಿಂತ ಜಾಸ್ತಿ ನಕ್ಕಿದ್ದ ಮೇಷ್ಟ್ರು ಕೊಳವೆಯ ಬಾಯಿಗೆ ಬೆರಳಿಟ್ಟು ಹಾಳೆ ಎಳೆದರು. ಬಲೂನು ಉಬ್ಬಲಿಲ್ಲ. "ಓ, ಗಂಟಲು ಕಟ್ಟಿದರೆ ಹೀಗೇ ಅಲ್ವಾ?" ಎಂದರು. ಮಾರನೇ ದಿನ ತಮ್ಮ ಕ್ಲಾಸಿಗೆ ತೆಗೆದುಕೊಂಡು ಹೋದ ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.