ಕಪ್ಪು ಗಂಟಲಿನ ರಾಟವಾಳ: ಬೆಟ್ಟದಲ್ಲಿ ಹುಡುಕುವ, ಗುರುತಿಸುವ ಕ್ರಮ

ಕಪ್ಪು ಗಂಟಲಿನ ರಾಟವಾಳವನ್ನು ನೋಡಬೇಕೆನ್ನುವವರು ಮೊದಲು ಹುಲ್ಲನ್ನು ನೋಡುವುದು ಕಲಿಯಬೇಕು. ಕೊಡಗು, ವಯನಾಡು, ನೀಲಗಿರಿ, ಪಳನಿ ಬೆಟ್ಟಗಳಂಥ ಎತ್ತರದ ಸೀಮೆಯಲ್ಲಿ ಬದುಕುವ ಈ ಪುಟ್ಟ ಹಕ್ಕಿ ಮುನಿಯಾಗಳ ಬಳಗಕ್ಕೆ ಸೇರಿದ್ದು, ಮುಖ್ಯವಾಗಿ ಕಾಳು ತಿಂದೇ ಬದುಕುತ್ತದೆ. ಆದ್ದರಿಂದ ಯಾವ ಹುಲ್ಲಿನ ತೆನೆ ಯಾವಾಗ ಹಾಲುಗಟ್ಟುತ್ತದೆ, ಯಾವುದು ಬಲಿತು ಉದುರುತ್ತಿದೆ ಎಂಬುದೇ ಅದರ ಓಡಾಟವನ್ನು ನಿರ್ಧರಿಸುತ್ತದೆ. ದುರ್ಬೀನು ಹಿಡಿದು ಮರದ ತುದಿಗಳನ್ನು ಹುಡುಕುತ್ತ ಹೋಗುವವರಿಗೆ ಈ ಹಕ್ಕಿ ಕಾಣದಿರುವುದು ಸಹಜ, ಏಕೆಂದರೆ ಅದು ಮೊಣಕಾಲೆತ್ತರದ ತೆನೆಗಳ ನಡುವೆ ಕುಳಿತಿರುತ್ತದೆ.

ದಟ್ಟ ಕಾಡಿನೊಳಗೆ ಹುಡುಕಿ ಪ್ರಯೋಜನವಿಲ್ಲ. ಕಾಡಿನ ಅಂಚು, ಕುರುಚಲು ಬೆಳೆದ ಇಳಿಜಾರು, ಕಾಫಿ ಮತ್ತು ಚಹಾ ತೋಟಗಳ ಬದಿ, ಗದ್ದೆಯ ಬದು, ಕೊಡಗಿನವರು ಬಾಣೆ ಎಂದು ಕರೆಯುವ ಹುಲ್ಲುಭೂಮಿ, ಇವು ಸರಿಯಾದ ಜಾಗಗಳು. ಸುಮಾರು 2,000 ಮೀಟರ್ ಎತ್ತರದವರೆಗೂ ಇದು ಸಿಗುತ್ತದೆ. ಮಳೆಗಾಲ ಕಳೆದು ಹುಲ್ಲು ತೆನೆ ಬಿಟ್ಟಿರುವ ತಿಂಗಳುಗಳಲ್ಲಿ, ಬೆಳಿಗ್ಗೆ ಇಬ್ಬನಿ ಆರುವ ಹೊತ್ತಿಗೆ ಅಲ್ಲಿಗೆ ತಲುಪುವುದು ಒಳ್ಳೆಯದು. ಕಳೆನಾಶಕ ಹೊಡೆದ ಅಥವಾ ಯಂತ್ರದಿಂದ ನುಣ್ಣಗೆ ಕೊಚ್ಚಿಸಿದ ತೋಟದ ಬದಿ ಮನುಷ್ಯರ ಕಣ್ಣಿಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಈ ಹಕ್ಕಿಯ ಪಾಲಿಗೆ ಅದು ಬರಿದಾದ ಕಣಜ. ಸ್ವಲ್ಪ ಸೋಮಾರಿಯಾದ ತೋಟಗಾರನ ಜಮೀನೇ ಇಲ್ಲಿ ಹೆಚ್ಚು ಫಲ ಕೊಡುತ್ತದೆ ಎಂದರೆ ಯಾರೂ ಬೇಸರಿಸಬಾರದು.

ತೆನೆ ತುಂಬಿದ ಒಂದು ಜಾಗವನ್ನು ಆರಿಸಿಕೊಂಡು, ಸೂರ್ಯನಿಗೆ ಬೆನ್ನು ಮಾಡಿ, ಹತ್ತು ಹದಿನೈದು ಮೀಟರ್ ದೂರದಲ್ಲಿ ಅಲುಗಾಡದೆ ಕುಳಿತುಕೊಳ್ಳಬೇಕು. ಗಾಳಿಯಿಲ್ಲದಿದ್ದರೂ ಒಂದೇ ಒಂದು ದಂಟು ಬಾಗಿ, ತೂಗಿ, ಮತ್ತೆ ನೆಟ್ಟಗಾದರೆ ಅಲ್ಲಿ ಹಕ್ಕಿ ಇದೆ ಎಂದೇ ತಿಳಿಯಬಹುದು. ಗುಂಪಿನಲ್ಲಿ ಒಂದು ಹಕ್ಕಿ ಬೆದರಿದರೆ ಎಲ್ಲವೂ ಒಟ್ಟಿಗೆ ಹಾರಿ ಹತ್ತಿರದ ಪೊದೆಯಲ್ಲಿ ಕೂರುತ್ತವೆ. ಆಗ ಬೆನ್ನಟ್ಟಿ ಹೋಗದೆ ಕುಳಿತಲ್ಲೇ ಇದ್ದರೆ, ತೆನೆ ಮುಗಿಯದಿದ್ದ ಪಕ್ಷದಲ್ಲಿ ಅವು ಸಾಮಾನ್ಯವಾಗಿ ಮರಳಿ ಬರುತ್ತವೆ.

ಗುರುತಿಸುವ ಕೆಲಸವೇ ನಿಜವಾಗಿ ಕಷ್ಟದ್ದು. ಸುಮಾರು 12 ಸೆಂಟಿಮೀಟರ್ ಉದ್ದದ ಈ ಹಕ್ಕಿಗೆ ಮೋಟಾದ, ದಪ್ಪನೆಯ ಕಡು ಬಣ್ಣದ ಕೊಕ್ಕು, ಕಪ್ಪು ಮುಖ ಮತ್ತು ಗಂಟಲು, ಗಾಢ ಕಂದು ಬೆನ್ನು, ಕಪ್ಪು ಬಾಲ ಇರುತ್ತವೆ. ಕತ್ತಿನ ಎರಡೂ ಪಕ್ಕಗಳಲ್ಲಿ ತಿಳಿ ಕಂದು ಬಣ್ಣವಿದ್ದು ಕಪ್ಪು ಮುಖದ ಎದುರು ಅದು ಎದ್ದು ಕಾಣುತ್ತದೆ. ನಮ್ಮ ಪಶ್ಚಿಮ ಘಟ್ಟದ ಹಕ್ಕಿಗಳ ಹೊಟ್ಟೆ ಗುಲಾಬಿ ಛಾಯೆಯ ಕಂದು, ಅದರ ಮೇಲೆ ಗೆರೆಯಾಗಲಿ ಚುಕ್ಕೆಯಾಗಲಿ ಇರುವುದಿಲ್ಲ. ಗಂಡು ಹೆಣ್ಣುಗಳು ಒಂದೇ ರೀತಿ ಕಾಣುವುದರಿಂದ ಬಣ್ಣ ನೋಡಿ ಜೋಡಿಯನ್ನು ವಿಂಗಡಿಸಲು ಹೋಗಬಾರದು.

ತೊಡಕು ಬರುವುದು ಇದೇ ಬೆಟ್ಟಗಳಲ್ಲಿರುವ ಬಿಳಿ ಬೆನ್ನಿನ ರಾಟವಾಳದಿಂದ. ಅದರ ಗಂಟಲೂ ಕಪ್ಪೇ, ಬೆನ್ನೂ ಕಂದೇ. ಆದರೆ ಅದು ಹಾರಿದಾಗ ಬಾಲದ ಬುಡದ ಮೇಲೆ ಬಿಳಿ ಪಟ್ಟೆ ಸ್ಪಷ್ಟವಾಗಿ ಕಾಣುತ್ತದೆ, ಹೊಟ್ಟೆಯೂ ಬಿಳಿಚಾಗಿರುತ್ತದೆ. ಆದ್ದರಿಂದ ಮುಖ ನೋಡಿ ಹೆಸರಿಡುವ ಆತುರ ಬೇಡ. ಹಕ್ಕಿ ಹಾರುವವರೆಗೆ ಕಾದು, ಬಾಲದ ಬುಡದಲ್ಲಿ ಅಂಥ ಬಿಳಿ ಪಟ್ಟೆ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಬರೆದುಕೊಳ್ಳಬೇಕು. ಬಯಲುಸೀಮೆಯಲ್ಲೂ ಕಾಣುವ ಚುಕ್ಕೆ ರಾಟವಾಳದ ಎದೆ ಹೊಟ್ಟೆಗಳ ಮೇಲೆ ಮೀನಿನ ಪೊರೆಯಂಥ ಗುರುತುಗಳಿರುತ್ತವೆ, ಅದು ಬೇಗ ಬಗೆಹರಿಯುತ್ತದೆ. ಮರಿಗಳ ವಿಷಯ ಬೇರೆ. ಈ ಬಳಗದ ಎಳೆಯ ಹಕ್ಕಿಗಳೆಲ್ಲ ಮಾಸಲು ಕಂದು ಬಣ್ಣದವಾದ್ದರಿಂದ, ಜೊತೆಯಲ್ಲಿರುವ ದೊಡ್ಡ ಹಕ್ಕಿಗಳನ್ನು ನೋಡದೆ ಅವುಗಳಿಗೆ ಹೆಸರು ಹೇಳುವುದು ದುಸ್ಸಾಹಸವೇ ಸರಿ.

ಶ್ರೀಲಂಕಾಕ್ಕೆ ಹೋಗುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಅಲ್ಲಿನ ಬೆಟ್ಟಗಳಲ್ಲಿರುವುದು ಇದೇ ಪ್ರಭೇದವಾದರೂ ಅದರ ಹೊಟ್ಟೆಯ ತುಂಬ ಕಪ್ಪು ಬಿಳುಪಿನ ಸಣ್ಣ ಪೊರೆಗುರುತುಗಳಿವೆ, ಹಾಗಾಗಿ ಕೊಡಗಿನಲ್ಲಿ ಕಲಿತ ಲಕ್ಷಣ ಅಲ್ಲಿ ಪೂರ್ತಿ ಕೆಲಸಕ್ಕೆ ಬಾರದು. ಪೂರ್ವ ಘಟ್ಟಗಳಲ್ಲಿ ಮೂರನೆಯ ಉಪಪ್ರಭೇದವೊಂದಿದೆ. ಸೈನ್ಯದ ವೈದ್ಯನಾಗಿದ್ದ ಜೆರ್ಡನ್ 1863ರಲ್ಲಿ ಈ ಹಕ್ಕಿಯನ್ನು ವಿವರಿಸಿದಾಗ, ಸಿಲೋನಿನ ವೈದ್ಯ ಹಾಗೂ ಪ್ರಕೃತಿವಿಜ್ಞಾನಿ ಕೆಲಾರ್ಟನ ಹೆಸರನ್ನು ಅದರ ವೈಜ್ಞಾನಿಕ ಹೆಸರಿನಲ್ಲಿ ಇಟ್ಟನು.

ಹಕ್ಕಿ ಸಿಕ್ಕಿತೆಂದು ಪಟ್ಟಿಯಲ್ಲಿ ಗುರುತು ಹಾಕಿ ಮುಂದೆ ಹೋಗುವವರು ಅತ್ಯಂತ ಸೊಗಸಾದ ಭಾಗವನ್ನೇ ಬಿಟ್ಟುಬಿಡುತ್ತಾರೆ, ಏಕೆಂದರೆ ಮುನಿಯಾ ಉಣ್ಣುವ ರೀತಿಯೇ ನೋಡತಕ್ಕದ್ದು. ಅದು ಒಂದು ದಂಟಿನ ಮೇಲೆ ಕುಳಿತು, ಪಕ್ಕದ ತೆನೆಯನ್ನು ಕೊಕ್ಕಿನಿಂದ ಎಳೆದು, ಕಾಲಿನ ಕೆಳಗೆ ಒತ್ತಿ ಹಿಡಿದು, ಕಾಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಬಾಯೊಳಗೆ ನಾಲಗೆಯಿಂದ ಕಾಳನ್ನು ಉರುಳಿಸುತ್ತ, ಕೊಕ್ಕಿನ ಅಂಚಿನಲ್ಲಿ ಒತ್ತಿ ಸಿಪ್ಪೆಯನ್ನು ಸೀಳುತ್ತದೆ. ಹೊಟ್ಟು ಕೊಕ್ಕಿನ ಪಕ್ಕದಿಂದ ಉದುರುವುದು, ಬೆಳಕು ಹಿಂದಿನಿಂದ ಬಂದರೆ, ಬರಿಗಣ್ಣಿಗೂ ಕಾಣುತ್ತದೆ. ತಿನ್ನುತ್ತಿರುವುದು ಹಾಲುಗಾಳೋ ಒಣಕಾಳೋ ಎಂಬುದನ್ನು ಗಮನಿಸಿ ಬರೆದಿಡುವುದು ಉಪಯುಕ್ತ. ಹಕ್ಕಿ ಹಾರಿಹೋದ ಮೇಲೆ ಅದೇ ತೆನೆಯ ಕಾಳನ್ನು ಉಗುರಿನಲ್ಲಿ ಹಿಚುಕಿದರೆ ಬಿಳಿ ರಸ ಬರುತ್ತದೆಯೋ ಇಲ್ಲವೋ ಎಂದು ನೋಡಿ ಇದನ್ನು ನಿರ್ಧರಿಸಬಹುದು. ಮುನಿಯಾಗಳು ಮರಿಗಳಿಗೆ ಉಣಿಸುವಾಗ ಮೆತ್ತನೆಯ ಎಳೆಗಾಳನ್ನು ಹೆಚ್ಚು ಬಳಸುವುದರಿಂದ ಈ ಸಣ್ಣ ಟಿಪ್ಪಣಿಗೆ ಬೆಲೆಯಿದೆ.

ಹಾಡು ಕೇಳಲು ಕಿವಿಯ ಜೊತೆಗೆ ಕಣ್ಣೂ ಬೇಕು. ಮುನಿಯಾದ ಹಾಡು ಎಷ್ಟು ಮೆಲುವಾದದ್ದೆಂದರೆ, ಹಕ್ಕಿ ಮೈ ನಿಗುರಿಸಿ ಕೊಕ್ಕು ಆಡಿಸುವುದು ಕಂಡರೂ ನಮಗೆ ದನಿ ಕೇಳಿಸದೆ ಹೋಗಬಹುದು. ಅಂಥ ಹೊತ್ತಿನಲ್ಲಿ ಬಳಗದ ಇನ್ನೊಂದು ಹಕ್ಕಿ ಹತ್ತಿರ ಬಂದು, ಹಾಡುವವನ ಕೊಕ್ಕಿನ ಬಳಿಗೇ ತಲೆ ಚಾಚಿ ಕೇಳುತ್ತ ಕುಳಿತಿರುವುದೂ ಉಂಟು.

ಗೂಡು ಹುಲ್ಲಿನಿಂದ ಕಟ್ಟಿದ, ಮೇಲ್ಛಾವಣಿಯಿರುವ ದೊಡ್ಡ ಉಂಡೆ. ಮರದಲ್ಲಾಗಲಿ ಪೊದೆಯಲ್ಲಾಗಲಿ ಇರುತ್ತದೆ, ಅದರಲ್ಲಿ 3ರಿಂದ 8 ಬಿಳಿ ಮೊಟ್ಟೆಗಳನ್ನಿಡುತ್ತದೆ. ಉದ್ದನೆಯ ಹುಲ್ಲೆಸಳನ್ನು ಕಚ್ಚಿಕೊಂಡು ಒಂದೇ ದಿಕ್ಕಿಗೆ ಮತ್ತೆ ಮತ್ತೆ ಹಾರುವ ಹಕ್ಕಿ ಕಂಡರೆ ಗೂಡು ಸಮೀಪದಲ್ಲಿದೆ ಎಂದರ್ಥ. ಅಲ್ಲಿಂದ ಮುಂದೆ ಹೋಗದೆ ದೂರದಿಂದಲೇ ನೋಡಬೇಕು. ಫೋಟೊಕ್ಕೆ ಅಡ್ಡವಾಗುತ್ತದೆಂದು ಕೊಂಬೆ ಕಡಿಯುವುದು, ಒಳಗೆ ಬೆರಳು ಹಾಕಿ ನೋಡುವುದು ಅಕ್ಷಮ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಗಳನ್ನು ಹಿಡಿಯುವುದಷ್ಟೇ ಅಲ್ಲ, ಮೊಟ್ಟೆ ಗೂಡುಗಳನ್ನು ಕೆಡಿಸುವುದೂ ಅಪರಾಧ. ಪಂಜರದಲ್ಲಿಟ್ಟು ಮಾರುವ ಮುನಿಯಾಗಳನ್ನು ಕನಿಕರದಿಂದ ಕೊಂಡು ಬಿಡುವವರು ಹಿಡಿಯುವವನಿಗೆ ಇನ್ನಷ್ಟು ವ್ಯಾಪಾರ ಒದಗಿಸುತ್ತಾರೆ. ಅದರ ಬದಲು ಅರಣ್ಯ ಇಲಾಖೆಗೆ ತಿಳಿಸುವುದು ಸರಿಯಾದ ದಾರಿ.

ಕೊನೆಯಲ್ಲಿ ದಾಖಲೆ. ದಿನಾಂಕ, ಜಾಗ, ಎತ್ತರ, ಹಕ್ಕಿಗಳ ಸಂಖ್ಯೆ, ತಿನ್ನುತ್ತಿದ್ದ ಹುಲ್ಲು, ಬಾಲದ ಬುಡದ ಬಣ್ಣ, ಇಷ್ಟನ್ನು ಸ್ಥಳದಲ್ಲೇ ಬರೆದುಕೊಂಡು ಹಕ್ಕಿ ನೋಡಿದವರು ದಾಖಲೆ ಸೇರಿಸುವ ಜಾಲತಾಣವಾದ ಇಬರ್ಡ್‌ಗೆ ಸೇರಿಸಬೇಕು. ಹುಲ್ಲಿನ ಹೆಸರು ಗೊತ್ತಿಲ್ಲದಿದ್ದರೆ ತೆನೆಯ ಒಂದು ಫೋಟೊ ತೆಗೆದಿಟ್ಟುಕೊಂಡು ಊರಿನಲ್ಲಿ ದನ ಮೇಯಿಸುವವರನ್ನು ಕೇಳಿದರೆ ಹೆಸರು ಸಿಗುವ ಸಾಧ್ಯತೆ ಹೆಚ್ಚು. ಗೂಡಿನ ನಿಖರ ಸ್ಥಳವನ್ನು ಮಾತ್ರ ಎಲ್ಲಿಯೂ ಬಹಿರಂಗಪಡಿಸಬಾರದು.